ಒಳಗೇ ಕೂತಿರುವ ಹೊರಗುಳಿದ ಮಗು

ನಮ್ಮೂರ ಶಾಲೆಯ ಕಾಂಪೌಂಡ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: ಮನೆಯೇ ಮೊದಲ ಪಾಠಶಾಲೆ. ನಾನು ಅದನ್ನು ನಂಬಿಬಿಟ್ಟೆ. ಗೋಡೆ ಮೇಲೆ ಬರೆದಿದ್ದನ್ನೆಲ್ಲ ನಂಬಬಾರದು ಅಂತ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಏಳು ವರ್ಷದ ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸೋಣ ಅಂತ ನಾನೂ ಹೆಂಡತಿಯೂ ತೀರ್ಮಾನಿಸಿದೆವು. ಕದ್ದುಮುಚ್ಚಿ ಯಾಕೆ, ಕಾನೂನು ಪ್ರಕಾರವೇ ಶುರು ಮಾಡೋಣ ಅಂತ ಶಿಕ್ಷಣ ಇಲಾಖೆ ಕಚೇರಿಗೆ ಹೋದೆ.

'ಸರ್, ಹೋಮ್‌ಸ್ಕೂಲಿಂಗ್‌ಗೆ ಅನುಮತಿ ಬೇಕಿತ್ತು.'

'ಹಂಗಂದ್ರೆ?'

'ಮನೇಲೇ ಪಾಠ ಮಾಡೋದು.'

'ಓ, ಮನೆಪಾಠಾನಾ? ಟ್ಯೂಷನ್‌ಗೆಲ್ಲ ಪರ್ಮಿಷನ್ ಕೇಳ್ಕೊಂಡು ಯಾರು ಬರ್ತಾರೆ? ಎಲ್ರೂ ಸುಮ್ನೆ ಮಾಡ್ತಾರೆ, ನೀವೂ ಮಾಡ್ಕೊಳ್ಳಿ.'

ಅವರ ತಪ್ಪಲ್ಲ. ಕನ್ನಡದಲ್ಲಿ ಮನೆಪಾಠ ಅಂದರೆ ಬೆಳಿಗ್ಗೆ ಶಾಲೆಯಲ್ಲಿ ಅರ್ಥವಾಗದ್ದನ್ನು ಸಂಜೆ ದುಡ್ಡು ಕೊಟ್ಟು ಅರ್ಥ ಮಾಡಿಕೊಳ್ಳುವುದು. ಶಾಲೆಯೇ ಬೇಡ ಅಂದಾಗ ಕೇಸ್ ವರ್ಕರ್ ಕನ್ನಡಕ ತೆಗೆದರು.

'ಹಂಗಾದ್ರೆ ಟಿ.ಸಿ. ಯಾವ ಶಾಲೆಗೆ ಕೊಡೋದು?'

'ಮನೆಗೇ ಕೊಡಿ.'

'ನಿಮ್ಮನೆ ಡೈಸ್ ಕೋಡ್ ಹೇಳಿ. ಪ್ರತಿ ಶಾಲೆಗೂ ಒಂದು ನಂಬರ್ ಇರುತ್ತಲ್ಲ, ಅದು.'

'ಪಿನ್ ಕೋಡ್ ಇದೆ ಸರ್.'

ಕಂಪ್ಯೂಟರ್ ಒಪ್ಪಲಿಲ್ಲ.

ಮನೆಗೆ ಬಂದು ಕಾನೂನೇ ಓದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವಿಗೆ ಶಿಕ್ಷಣ ಹಕ್ಕು. ಆ ಮಗುವನ್ನು ಶಾಲೆಗೆ ಸೇರಿಸುವುದು ಅಪ್ಪ ಅಮ್ಮನ ಕರ್ತವ್ಯ, ಅದು ಸೆಕ್ಷನ್ 10. ಸೇರಿಸದಿದ್ದರೆ ಅವರಿಗೆ ಏನು ದಂಡ? ಕಾಯ್ದೆಯಲ್ಲಿ ಏನೂ ಇಲ್ಲ. 2012ರಲ್ಲಿ ಕೇಂದ್ರ ಸರ್ಕಾರವೇ ದೆಹಲಿ ಹೈಕೋರ್ಟ್‌ಗೆ ಹೇಳಿತ್ತು: ಮನೆಯಲ್ಲಿ ಓದಿಸುವವರು ಓದಿಸಲಿ, ಈ ಕಾಯ್ದೆ ಅಡ್ಡ ಬರಲ್ಲ ಅಂತ. ಅಂದರೆ ತಪ್ಪಲ್ಲ. ಸರಿ ಅಂತಲೂ ಎಲ್ಲೂ ಬರೆದಿಲ್ಲ. ಅರ್ಜಿ ನಮೂನೆಯಂತೂ ಇಲ್ಲವೇ ಇಲ್ಲ. ನಮೂನೆ ಇಲ್ಲದ ಕೆಲಸ ನಮ್ಮ ದೇಶದಲ್ಲಿ ಕಾನೂನುಬದ್ಧ ಆಗುವುದಾದರೂ ಹೇಗೆ, ಹೇಳಿ?

ಅಷ್ಟರೊಳಗೆ ದಿನ ಎಣಿಕೆ ಶುರುವಾಗಿತ್ತು. ಕರ್ನಾಟಕದ ನಿಯಮದಲ್ಲಿ ಸತತ 7 ದಿನ ಹಾಜರಿ ಇಲ್ಲದ ಮಗು 'ಶಾಲೆಯಿಂದ ಹೊರಗುಳಿದ ಮಗು'. ನಮ್ಮವಳು ಎಂಟನೇ ದಿನ ಅಜ್ಜಿ ಪಕ್ಕ ಕೂತು ಅವರೆಕಾಯಿ ಬಿಡಿಸುತ್ತಾ ಮೂರರ ಮಗ್ಗಿ ಹೇಳುತ್ತಿದ್ದಳು. ಒಳಗೇ ಕೂತಿದ್ದಳು ಪಾಪ, ದಾಖಲೆಯಲ್ಲಿ ಹೊರಗುಳಿದಳು.

ಪಕ್ಕದ ಮನೆಯವರು, 'ನಮ್ಮ ಹುಡುಗರನ್ನೂ ಕೂರಿಸ್ಕೊಳ್ಳಿ' ಅಂದರು. ನಾನು ಗಾಬರಿಯಾದೆ. ನಾಲ್ಕು ಮಕ್ಕಳು ಜಗುಲಿ ಮೇಲೆ ಕೂತರೆ ಯಾರಾದರೂ ಅದನ್ನು ಮಾನ್ಯತೆ ಇಲ್ಲದ ಶಾಲೆ ಅಂದುಬಿಟ್ಟರೆ? ದಂಡ 1 ಲಕ್ಷ ರೂಪಾಯಿವರೆಗೆ. ಅದನ್ನೇ ಮುಂದುವರಿಸಿದರೆ ದಿನಕ್ಕೆ 10 ಸಾವಿರ. ಮಾನ್ಯತೆ ತಗೊಳ್ಳೋಣ ಅಂತ ಕಾಯ್ದೆಯ ಪಟ್ಟಿ ನೋಡಿದೆ. ಅಡುಗೆಮನೆ ಬೇಕು, ಇದೆ. ಕುಡಿಯುವ ನೀರು, ಎರಡು ದಿನಕ್ಕೊಮ್ಮೆ ಬರುತ್ತದೆ. ಮುಖ್ಯ ಶಿಕ್ಷಕರ ಕೊಠಡಿಯೇ ಆಫೀಸೂ ಉಗ್ರಾಣವೂ ಆಗಿರಬೇಕು. ಅಜ್ಜಿಯ ಕೋಣೆ ಮೊದಲಿಂದಲೂ ಹಾಗೇ ಇದೆ. ಆಟದ ಮೈದಾನ ಮಾತ್ರ ಇಲ್ಲ. ಮಗಳನ್ನು ಬಿಡಿಸಿಕೊಂಡು ಬಂದ ಶಾಲೆಯಲ್ಲೂ ಇರಲಿಲ್ಲ ಅನ್ನೋದು ಬೇರೆ ಮಾತು.

ಶಿಕ್ಷಕರು ಖಾಸಗಿ ಪಾಠ ಮಾಡುವಂತಿಲ್ಲ ಅಂತಲೂ ಅದೇ ಕಾಯ್ದೆಯಲ್ಲಿದೆ. ಇದನ್ನು ಓದಿ ಹೇಳಿದ್ದಕ್ಕೆ, ನಮ್ಮ ಬೀದಿಯ ಟ್ಯೂಷನ್ ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಅವರು ಹಗಲು ಹೊತ್ತು ಶಾಲೆಯಲ್ಲಿ ಮೇಷ್ಟ್ರು.

ಕೊನೆಗೆ ಅನುಭವಸ್ಥರೊಬ್ಬರು ದಾರಿ ತೋರಿಸಿದರು. 'ಯಾಕೆ ಒದ್ದಾಡ್ತೀರಿ? ನಂಗೆ ಗೊತ್ತಿರೋ ಶಾಲೆ ಒಂದಿದೆ. ಹೆಸರು ಬರೆಸಿ, ಫೀಸು ಕಟ್ಟಿ. ಮಗು ಬರೋದೇನೂ ಬೇಡ. 14 ಆದಮೇಲೆ ಎನ್‌ಐಒಎಸ್‌ನಲ್ಲಿ ಹತ್ತನೇ ಕ್ಲಾಸ್ ಪರೀಕ್ಷೆ ಬರೆಸಿ.' ಎನ್‌ಐಒಎಸ್ ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ; ಕೇಂದ್ರ ಸರ್ಕಾರದ್ದೇ, 1989ರಲ್ಲಿ ಶುರುವಾದದ್ದು. 14ಕ್ಕೆ ಹತ್ತನೇ ಕ್ಲಾಸ್ ಬರೆಯಬಹುದು. ಅಲ್ಲಿಯವರೆಗೆ ಎಲ್ಲಿ ಕಲಿತೆ ಅಂತ ಕೇಳದೆ ಪರೀಕ್ಷೆಗೆ ಕೂರಿಸುತ್ತಾರಂತೆ. ಏಳಕ್ಕೆ ಹೊರಗುಳಿದವಳು ಹದಿನಾಲ್ಕಕ್ಕೆ ಒಳಗೆ. ನಡುವಿನ ಏಳು ವರ್ಷ ಸುಳ್ಳು ಹಾಜರಿಯಲ್ಲಿ ಬೆಳೆಯಬೇಕು ಅಷ್ಟೆ.

2020ರಲ್ಲಿ ಹೀಗಿರಲಿಲ್ಲ ನೋಡಿ. ಕೊರೊನಾ ಬಂತು, ರಾಜ್ಯದ ಅಷ್ಟೂ ಮಕ್ಕಳನ್ನು ಸರ್ಕಾರವೇ ಮನೆಯಲ್ಲಿ ಕೂರಿಸಿತು. ಒಬ್ಬರೂ ಡೈಸ್ ಕೋಡ್ ಕೇಳಲಿಲ್ಲ. ಫೀಸು ಕಟ್ಟಿ ಮನೆಯಲ್ಲಿ ಕೂತರೆ ವಿದ್ಯಾರ್ಥಿ, ಕಟ್ಟದೆ ಕೂತರೆ ಹೊರಗುಳಿದ ಮಗು. ಇಷ್ಟು ಸರಳ ಲೆಕ್ಕ ನನಗೆ ತಡವಾಗಿ ಹೊಳೆಯಿತು.

ಮೊನ್ನೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಟೀಚರೊಬ್ಬರು ಮನೆಗೆ ಬಂದರು. ಹೊರಗುಳಿದ ಮಕ್ಕಳ ಸಮೀಕ್ಷೆ. ಬಿಸಿಲಲ್ಲಿ ನಡೆದು ಸುಸ್ತಾಗಿದ್ದರು. ಹೆಂಡತಿ ಮಜ್ಜಿಗೆ ಕೊಟ್ಟಳು. ಫಾರಂನಲ್ಲಿ ಮಗು ಶಾಲೆ ಬಿಟ್ಟ ಕಾರಣಕ್ಕೆ ವಲಸೆ, ಬಡತನ, ಕೂಲಿ ಕೆಲಸ ಅಂತೆಲ್ಲ ಇತ್ತು. ಓದುತ್ತಿದ್ದಾಳೆ ಅಂತ ಟಿಕ್ ಹಾಕಲು ಜಾಗ ಇರಲಿಲ್ಲ. ಟೀಚರ್ ಬಹಳ ಹೊತ್ತು ಪೆನ್ನು ಕಚ್ಚಿದರು.

ಅಷ್ಟರಲ್ಲಿ ಮಗಳು ಕೇಳಿದಳು: 'ಮಿಸ್, ನೀವಿಲ್ಲಿದ್ರೆ ನಿಮ್ಮ ಕ್ಲಾಸಿಗೆ ಈಗ ಯಾರು ಪಾಠ ಮಾಡ್ತಾರೆ?'

'ಯಾರೂ ಇಲ್ಲ ಪುಟ್ಟಾ' ಅಂದರು ಟೀಚರ್, ಲೋಟ ಕೆಳಗಿಟ್ಟು. 'ಆದ್ರೆ ಎಲ್ರಿಗೂ ಹಾಜರಿ ಹಾಕಿ ಬಂದಿದೀನಿ.'