ಸತ್ಯಕಾಮ ಅಂದರೆ ನಗೋದ್ಯಾಕೆ?

ತಂಗಿಯ ಮಗಳು ಗಂಡುಮಗುವಿಗೆ ಹೆಸರು ಹುಡುಕ್ತಿದ್ದಾಳೆ. ಶತಭಿಷ ಎರಡನೇ ಪಾದ, ಅಕ್ಷರ ‘ಸ’. (ಪುಣ್ಯಕ್ಕೆ ಆರಿದ್ರಾ ಮೂರನೇ ಪಾದ ಅಲ್ಲ. ಅದಕ್ಕೆ ಪಂಚಾಂಗದಲ್ಲಿರೋದು ‘ಙ’. ಅದರಲ್ಲಿ ಹೆಸರು ಹುಡುಕಿಕೊಟ್ಟವರಿಗೆ ದೊಡ್ಡ ನಮಸ್ಕಾರ.) ಫ್ಯಾಮಿಲಿ ಗ್ರೂಪಲ್ಲಿ ‘ಸತ್ಯಕಾಮ’ ಅಂತ ಹಾಕಿದ್ದೇ ತಡ, ನಗುವ ಎಮೋಜಿಗಳ ಮಳೆ. “ಕಾಮ ಅಂತೆಲ್ಲ ಇಡೋದಾ ಮಾವ?”

ಕಾಮಧೇನು ಅಂದಾಗ ಬಾರದ ನಗು, ಕಾಮಾಕ್ಷಿ ಅಂದಾಗ ಬಾರದ ನಗು ಇಲ್ಲಿ ಮಾತ್ರ ಯಾಕೋ! ಕಾಮ ಅಂದರೆ ಬಯಕೆ, ಅಷ್ಟೆ. ಧರ್ಮ, ಅರ್ಥ, ಮೋಕ್ಷದ ಪಕ್ಕದಲ್ಲೇ ಕೂರಿಸಿದ ಪುರುಷಾರ್ಥ ಅದು.

ಈ ಹೆಸರಿನ ಹುಡುಗ ಸಿಗೋದು ಛಾಂದೋಗ್ಯ ಉಪನಿಷತ್ತಿನ 4ನೇ ಅಧ್ಯಾಯದಲ್ಲಿ. ಗುರುಕುಲಕ್ಕೆ ಹೊರಟವನು ಅಮ್ಮನನ್ನು ಕೇಳ್ತಾನೆ: ನನ್ನ ಗೋತ್ರ ಯಾವುದಮ್ಮಾ? ಜಬಾಲೆ ಕಥೆ ಕಟ್ಟೋದಿಲ್ಲ. ವಯಸ್ಸಿನಲ್ಲಿ ಅಲ್ಲಿಇಲ್ಲಿ ಚಾಕರಿ ಮಾಡ್ಕೊಂಡಿದ್ದಾಗ ನೀನು ಹುಟ್ಟಿದೆ, ಗೋತ್ರ ನನಗೆ ಗೊತ್ತಿಲ್ಲ, ನಾನು ಜಬಾಲೆ, ನೀನು ಸತ್ಯಕಾಮ, ಸತ್ಯಕಾಮ ಜಾಬಾಲ ಅಂತಲೇ ಹೇಳ್ಕೋ ಅಂತಾಳೆ. ಹುಡುಗ ಹಾರಿದ್ರುಮತ ಗೌತಮರ ಮುಂದೆ ಒಂದಕ್ಷರ ಬಿಡದೆ ಅದನ್ನೇ ಒಪ್ಪಿಸ್ತಾನೆ. ಸತ್ಯದಿಂದ ನೀನು ಜಾರಲಿಲ್ಲ, ಸಮಿತ್ತು ತಗೊಂಡು ಬಾ, ಉಪನಯನ ಮಾಡ್ತೀನಿ ಅಂತಾರೆ ಗುರು. ಅದರ ಜೊತೆಗೇ ‘ಬ್ರಾಹ್ಮಣನಲ್ಲದವನು ಹೀಗೆ ಹೇಳಲಾರ’ ಅನ್ನೋ ಮಾತೂ ಇದೆ. ಅದನ್ನೇ ಹಿಡಿದು ಹುಟ್ಟಿನ ಪರವಾಗಿಯೂ ವಾದ ನಡೆದಿದೆ, ಗುಣದ ಪರವಾಗಿಯೂ. ನಾನು ಗುಣದ ಕಡೆ.

ಆಮೇಲೆ ಬಡಕಲು ಹಸು ನಾನೂರು ಕೊಟ್ಟು ಕಾಡಿಗೆ ಕಳಿಸಿದರು. ಸಾವಿರ ಆಗದೆ ಬರೋದಿಲ್ಲ ಅಂತ ಹೋದ. ವರ್ಷಗಟ್ಟಲೆ ಅಲ್ಲೇ. ಬ್ರಹ್ಮದ ನಾಲ್ಕು ಪಾದಗಳನ್ನು ಅವನಿಗೆ ಹೇಳಿಕೊಟ್ಟಿದ್ದು ಒಂದು ಹೋರಿ, ಬೆಂಕಿ, ಹಂಸ ಮತ್ತು ಮದ್ಗು ಅನ್ನೋ ನೀರುಹಕ್ಕಿ. ದನ ಕಾಯುತ್ತಲೇ ಕಲಿತ.

ಹೆಸರಿನ ಅಸಲು ತೂಕ ಗೊತ್ತಾಗೋದು ಅದೇ ಉಪನಿಷತ್ತಿನ 8ನೇ ಅಧ್ಯಾಯಕ್ಕೆ ಬಂದಾಗ. ಅಲ್ಲಿ ಆತ್ಮ ಹೇಗಿದೆ ಅಂತ ಹೇಳ್ತಾ ಮುಪ್ಪಿಲ್ಲ, ಸಾವಿಲ್ಲ, ಶೋಕವಿಲ್ಲ, ಹಸಿವು ಬಾಯಾರಿಕೆ ಇಲ್ಲ ಅಂತ ‘ಇಲ್ಲ’ಗಳ ಪಟ್ಟಿ ಬರುತ್ತೆ. ಅದು ಮುಗಿದ ಮೇಲೆ ‘ಇದೆ’ ಅಂತ ಹೇಳೋದು ಎರಡೇ: ‘ಸತ್ಯಕಾಮಃ, ಸತ್ಯಸಂಕಲ್ಪಃ’. ಸತ್ಯವನ್ನು ಬಯಸುವವನು ಅಂತ ನಾವು ಹುಡುಗನ ಹೆಸರನ್ನು ಬಿಡಿಸಿದರೆ, ಇಲ್ಲಿ ಅದೇ ಪದ ಯಾರ ಬಯಕೆ ಹುಸಿಯಾಗೋದಿಲ್ಲವೋ ಅವನು ಅಂತಾಗುತ್ತೆ. ಅಂದರೆ ಮಗುವನ್ನು ಕೂಗಿದಾಗೆಲ್ಲ ಅದರೊಳಗಿನ ಆತ್ಮವನ್ನೂ ಅದರದೇ ಹೆಸರಲ್ಲಿ ಕೂಗಿದ ಹಾಗೆ. ನಾಮಕರಣದ ದಿನ ಕಿವಿಯಲ್ಲಿ ಹೇಳೋಕೆ ಇದಕ್ಕಿಂತ ಏನು ಬೇಕು?

ನೆಟ್ಟಿನ ಪಟ್ಟಿಗಳಲ್ಲಿ ಸಿಗೋದೇ ಬೇರೆ. ಯಾವ ನಿಘಂಟಿನಲ್ಲೂ ಇಲ್ಲದ ಎರಡಕ್ಷರ ತಗೊಂಡು, ಕೊನೆಗೆ ‘ಆಂಶ್’ ಅಂಟಿಸಿ, ‘ದೇವರ ಅಂಶ’ ಅಂತ ಅರ್ಥ ಬರೆದುಬಿಡ್ತಾರೆ. ಕೇಳೋಕೆ ಇಂಪಾಗಿದ್ದರೆ ಇಟ್ಕೊಳ್ಳಿ, ನನ್ನ ತಕರಾರಿಲ್ಲ. ಆಧ್ಯಾತ್ಮಿಕ ಅಂತ ಮಾತ್ರ ಹೇಳಬೇಡಿ.

ಇನ್ನೊಂದು. ಜಾಬಾಲ ಅನ್ನೋದು ಅಮ್ಮನಿಂದ ಬಂದ ಹೆಸರು. ಅವಿವಾಹಿತ ತಾಯಿ ಮಗುವಿನ ಜನನ ಪ್ರಮಾಣಪತ್ರ ಕೇಳಿದರೆ ಅವಳ ಅಫಿಡವಿಟ್ ಸಾಕು ಅಂತ ನಮ್ಮ ಸುಪ್ರೀಂ ಕೋರ್ಟು ಹೇಳಿದ್ದು 2015ರಲ್ಲಿ. ಗೌತಮರು ಅದನ್ನೂ ಕೇಳಿರಲಿಲ್ಲ.

ಸ್ಕೂಲಲ್ಲಿ ಹುಡುಗರು ಆಡ್ಕೊಳ್ತಾರೆ ಅಂತ ಅವಳ ಭಯ. ಅದು ಸುಳ್ಳಲ್ಲ, ಏಳನೇ ಕ್ಲಾಸಿನ ಹುಡುಗರಿಗೆ ಉಪನಿಷತ್ತು ಹೇಳೋಕಾಗಲ್ಲ. ಹಾಗಿದ್ರೆ ಸತ್ಯಕಾಮ ಜಾತಕದಲ್ಲಿರಲಿ, ಕರೆಯೋಕೆ ಜಾಬಾಲ ಅಂತಿಡಮ್ಮ. ಇನಿಷಿಯಲ್ ಮಾತ್ರ ನಿನ್ನದೂ ಒಂದು ಸೇರಿಸು. ನಿಮ್ಮತ್ತೆ ಏನಾದ್ರೂ ಅಂದ್ರೆ ನನಗೆ ಫೋನ್ ಕೊಡು.