ಮೆಟ್ಟಿಲು ಹತ್ತಲಾಗದವರ ಪಾಡು

ಹೆದ್ದಾರಿ ದಾಟುವ ಪಾದಚಾರಿಗಳಿಗಾಗಿ ನಮ್ಮ ವಾರ್ಡ್ ಸದಸ್ಯೆ ಪಡುತ್ತಿರುವ ಪ್ರಯಾಸವನ್ನು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಸರಿಯಾಗಿಯೇ ಗುರುತಿಸಿದೆ. ಕೇರಳದ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಉದ್ದಕ್ಕೂ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾದ ಮೇಲೆ, ಹತ್ತು ಹೆಜ್ಜೆಯಲ್ಲಿ ಎದುರಿನ ಅಂಗಡಿ ಸೇರುತ್ತಿದ್ದವರು ಅಂಡರ್‌ಪಾಸ್ ಹುಡುಕುತ್ತ ಸರ್ವಿಸ್ ರಸ್ತೆಯ ಚರಂಡಿ ಚಪ್ಪಡಿಗಳ ಮೇಲೆ ನಡೆಯಬೇಕಾಗಿದೆ. ಮಂಡಿನೋವಿನ ನಮ್ಮ ಅತ್ತೆಯವರು ಕಾಲುಸೇತುವೆಯ ಮೆಟ್ಟಿಲುಗಳನ್ನು ಕಂಡೇ ಮಂಗಳೂರು ಬಸ್ಸಿನ ಆಸೆ ಬಿಟ್ಟು ಮನೆಗೆ ಮರಳಿದ್ದರು. ಹೆದ್ದಾರಿ ಪಂಚಾಯತಿನ ಅಧಿಕಾರಕ್ಕೆ ಒಳಪಟ್ಟದ್ದಲ್ಲ ಎಂದು ಕೈತೊಳೆದುಕೊಳ್ಳದೆ, ಸದಸ್ಯೆಯವರು ಆ ಮೆಟ್ಟಿಲುಗಳನ್ನು ಸ್ವತಃ ಹತ್ತಿ ಇಳಿದು, ಗ್ರಾಮಸಭೆಯಲ್ಲಿ ಹಿರಿಯರ ದೂರನ್ನು ಕನ್ನಡದಲ್ಲೇ ಕೇಳಿ (ಇದು ಇಲ್ಲಿ ಸಣ್ಣ ಮಾತಲ್ಲ) ಅರ್ಜಿ ಬರೆಸಿದರು. ಇನ್ನು ಬಸ್ ತಂಗುದಾಣಕ್ಕೆ ಮಳೆಗಾಲಕ್ಕೆ ಮುನ್ನ ಒಂದು ಮಾಡು, ಬಸ್ಸಿನ ಫಲಕದಲ್ಲಿ ಮಲಯಾಳದ ಜೊತೆಗೆ ಕನ್ನಡದಲ್ಲೂ ಊರಿನ ಹೆಸರು ಬರುವಂತೆ ಅವರು ಒತ್ತಾಯಿಸಬೇಕೆಂದು ನನ್ನ ವಿನಂತಿ.