ಹೊಗೆ ಕಂಡರೆ ಓಡುವ ಹುಡುಗರು

ಅಮೆರಿಕದ ಮಿಸೌರಿ ರಾಜ್ಯದ ಹ್ಯಾನಿಬಲ್, 1840ರ ದಶಕದಲ್ಲಿ ಮಿಸಿಸಿಪ್ಪಿ ನದಿಯ ದಂಡೆಗೆ ಒರಗಿ ತೂಕಡಿಸುತ್ತಿದ್ದ ಊರು. ದೊಡ್ಡವನಾದ ಮೇಲೆ ಏನಾಗ್ತೀಯೋ ಎಂದು ಅಲ್ಲಿನ ಹುಡುಗರನ್ನು ಕೇಳುವ ಅಗತ್ಯವೇ ಇರಲಿಲ್ಲ. ಸ್ಟೀಮ್‌ಬೋಟಿನ ಪೈಲಟ್, ಅಂದರೆ ಉಗಿಯಿಂದ ಓಡುವ ಬೋಟಿನ ಚುಕ್ಕಾಣಿ ಹಿಡಿದು ದಾರಿ ತೋರುವವನು. ಅದಾಗದಿದ್ದರೆ ಎಂಜಿನಿಯರ್. ಅದೂ ಕೈಗೂಡದಿದ್ದರೆ ತಟ್ಟೆ ತೊಳೆಯುವುದಕ್ಕೂ ಸೈ, ಬೋಟಿನ ಮೇಲಿದ್ದರಾಯಿತು.

ಹುಡುಗರನ್ನು ಮರುಳು ಮಾಡಿದ್ದು ಮುಖ್ಯವಾಗಿ ಹೊಗೆ. ಅದರಲ್ಲಿ ಅರ್ಧ ನಾಟಕ. ಊರು ಹತ್ತಿರವಾಗುತ್ತಿದ್ದಂತೆ ರಾಳ ತುಂಬಿದ ಪೈನ್ ಕಟ್ಟಿಗೆಯನ್ನು ಒಲೆಗೆ ಎಸೆಯುತ್ತಿದ್ದರು; ಜೋಡಿ ಚಿಮಣಿಗಳಿಂದ ಕಾಡಿಗೆಗಪ್ಪು ಹೊಗೆ ಏಳುತ್ತಿತ್ತು. ಜೊತೆಗೆ ಹಾರುವ ಕಿಡಿ ಡೆಕ್ಕಿನ ಮೇಲಿನ ಹತ್ತಿ ಮೂಟೆಗೆ ಬೀಳದಿದ್ದರೆ ಆ ದಿನದ ಪುಣ್ಯ. ದೊಡ್ಡ ಬೋಟೊಂದು ದಿನಕ್ಕೆ ಐವತ್ತು ಕಾರ್ಡ್ ಕಟ್ಟಿಗೆ ನುಂಗುತ್ತಿತ್ತು. ಒಂದು ಕಾರ್ಡ್ ಎಂದರೆ ಎಂಟಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಪೇರಿಕೆ. ಇಷ್ಟನ್ನು ಹೊರುವವರು ಯಾರು? ಕಡಿಮೆ ದರದ ಟಿಕೆಟ್ ತೆಗೆದುಕೊಂಡು ಕೆಳಡೆಕ್ಕಿನಲ್ಲಿ ಕುಳಿತವರೂ ಕೈಹಚ್ಚಬೇಕಿತ್ತು. ಉಳಿಸಿದ ದುಡ್ಡು ಬೆನ್ನುನೋವಿನಲ್ಲಿ ಜಮಾ.

ಇನ್ನು ದಂಡೆಗೆ ಬರುವ ಗಳಿಗೆ. ಪ್ರಯಾಣಿಕರೆಲ್ಲ ನೋಡಲೆಂದು ಒಂದೇ ಮಗ್ಗುಲಿಗೆ ನುಗ್ಗುತ್ತಾರೆ. ಚಪ್ಪಟೆ ತಳದ ಬೋಟು ವಾಲುತ್ತದೆ. ವಾಲಿದರೇನಂತೆ ಎನ್ನುವವರು ಬಾಯ್ಲರ್ ಕಡೆ ನೋಡಬೇಕು. ಉದ್ದನೆಯ ಬಾಯ್ಲರುಗಳು ಅಕ್ಕಪಕ್ಕ ಮಲಗಿರುತ್ತವೆ, ನೀರಿನ ಕೊಳವೆ ಒಂದರಿಂದೊಂದಕ್ಕೆ ಹಾದಿರುತ್ತದೆ. ಬೋಟು ವಾಲಿದೊಡನೆ ಮೇಲೆದ್ದ ಕಡೆಯ ಬಾಯ್ಲರಿನ ನೀರು ಕೆಳಗಿನದಕ್ಕೆ ಹರಿದು, ಮೇಲಿನದರೊಳಗೆ ಬೆಂಕಿ ಹಾಯುವ ಕೊಳವೆಗಳು ನೀರಿಲ್ಲದೆ ಬರಿದಾಗಿ ಕೆಂಪಗೆ ಕಾಯುತ್ತವೆ. ಜನ ನೋಡಿ ಮುಗಿಸಿ ಹಿಂದಕ್ಕೆ ಸರಿದಾಗ ಬೋಟು ನೆಟ್ಟಗಾಗಿ, ನೀರೆಲ್ಲ ಕಾದ ಕಬ್ಬಿಣದ ಮೇಲೆ ಒಮ್ಮೆಗೇ ನುಗ್ಗಿ ಉಗಿಯಾಗುತ್ತದೆ, ಬಾಯ್ಲರ್ ಸಿಡಿಯುತ್ತದೆ. ಮುಂದಿನದನ್ನು ಹೇಳಲು ಎಷ್ಟೋ ಬೋಟುಗಳಲ್ಲಿ ಹಲವರು ಉಳಿಯಲಿಲ್ಲ. ಇದಕ್ಕೆ ಕಂಡುಕೊಂಡ ಉಪಾಯ, ಕಬ್ಬಿಣದ ಸರಪಳಿ ತುಂಬಿದ ಒಂದು ತಳ್ಳುಗಾಡಿ. ಜನ ಎಡಕ್ಕೆ ಓಡಿದರೆ ಗಾಡಿ ಬಲಕ್ಕೆ, ಜನ ಬಲಕ್ಕೆ ಬಂದರೆ ಗಾಡಿ ಎಡಕ್ಕೆ. ತಳ್ಳುವವನ ಬಾಯಿಂದ ಬರುತ್ತಿದ್ದ ಮಾತುಗಳನ್ನು ಯಾವ ಚರಿತ್ರೆಕಾರನೂ ಬರೆದಿಡಲಿಲ್ಲ, ಬರೆಯುವಂಥವೂ ಇದ್ದಿರಲಿಕ್ಕಿಲ್ಲ.

ನೀರಿನ ಮಟ್ಟ ತಿಳಿಯಲು ಬಾಯ್ಲರಿಗೆ ಒಂದರ ಮೇಲೊಂದು ಮೂರು ನಲ್ಲಿಗಳಿದ್ದವು. ನಡುವಿನದನ್ನು ತಿರುಗಿಸಿದಾಗ ನೀರು ಬಂದರೆ ನೆಮ್ಮದಿ, ಬರೀ ಉಗಿ ಬಂದರೆ ಚಿಂತೆ. ಕೆಳಗಿನದರಲ್ಲೂ ಉಗಿಯೇ ಬಂದರೆ ಈಜು ಬರುತ್ತದೆಯೇ ಎಂದು ನೆನಪಿಸಿಕೊಳ್ಳಬೇಕು. ಹಳೆಯ ಬೋಟುಗಳಲ್ಲಿ ನೀರೂಡಿಸುವ ಪಂಪು ಮುಖ್ಯ ಎಂಜಿನ್ನಿಗೇ ಜೋಡಿಸಿತ್ತು. ಎಂಜಿನ್ ನಿಂತರೆ ಪಂಪೂ ನಿಂತಿತು. ಅಂದರೆ ದಂಡೆಯಲ್ಲಿ ಮೂಟೆ ಇಳಿಸುವಾಗ ಬೆಂಕಿ ಉರಿಯುತ್ತಲೇ ಇದೆ, ನೀರು ಇಳಿಯುತ್ತಲೇ ಇದೆ, ಹೊಸ ನೀರಿಲ್ಲ. ಆಮೇಲೆ ಪ್ರತ್ಯೇಕವಾದ ಸಣ್ಣ ಉಗಿಪಂಪು ಬಂತು. ಬೋಟಿನವರು ಅದನ್ನು ಡಾಕ್ಟರ್ ಎನ್ನುತ್ತಿದ್ದರು. ಆದರೆ ಅದು ಊಡಿಸಿದ್ದೂ ಮಿಸಿಸಿಪ್ಪಿಯ ಕೆಸರು ನೀರನ್ನೇ. ಕೆಸರು ತಳದಲ್ಲಿ ಗಟ್ಟಿ ಕಟ್ಟಿ ತಗಡು ಸುಡದಂತೆ ಯಾರಾದರೂ ಒಳಗೆ ತೆವಳಿ ಕೆರೆಯಬೇಕಿತ್ತು. ದಂಡೆಯ ಹುಡುಗರ ಕನಸಿನಲ್ಲಿ ಈ ಕೆಲಸ ಬಂದಂತಿಲ್ಲ.

ದಿನನಿತ್ಯದ ಫಜೀತಿ ಎಂದರೆ ಮರಳ ದಿಣ್ಣೆ. ಸೀಸದ ಗುಂಡು ಕಟ್ಟಿದ ಹಗ್ಗ ಬಿಟ್ಟು ಆಳ ಅಳೆಯುತ್ತಿದ್ದರು. ಹನ್ನೆರಡು ಅಡಿ ಎಂದು ಕೂಗು ಬಂದರೆ ನಿರಾಳ. ಕೂಗು ತಡವಾದರೆ ಕರ್ ಎಂದು ಸದ್ದು, ಬೋಟು ಠಿಕಾಣಿ. ಆಗ ಮೂತಿಯ ಎರಡು ಬದಿಯ ಉದ್ದನೆಯ ಕಂಬಗಳನ್ನು ಓರೆಯಾಗಿ ತಳಕ್ಕೆ ಊರಿ, ರಾಟೆಯ ಹಗ್ಗವನ್ನು ಕ್ಯಾಪ್‌ಸ್ಟನ್ ಎಂಬ ತಿರುಗುವ ಗೂಟಕ್ಕೆ ಸುತ್ತಿ ಎಳೆಯಬೇಕು. ಮೂತಿ ಒಂದಿಷ್ಟು ಎದ್ದಾಗ ಚಕ್ರ ತಿರುಗಿಸಿದರೆ ಬೋಟು ಕೆಲವೇ ಅಡಿ ಮುಂದೆ ಜಾರಿ ಮತ್ತೆ ಕೂರುತ್ತದೆ. ಪುನಃ ಕಂಬ, ಪುನಃ ಹಗ್ಗ. ಮೊಣಕಾಲು ನೋವಿನ ಅಜ್ಜ ಊರುಗೋಲು ಹಿಡಿದು ಹೊಸ್ತಿಲು ದಾಟುವ ಪರಿ. ನದಿ ಏರುತ್ತಿದ್ದರೆ ಸುಮ್ಮನೆ ಕಾದರೂ ಆದೀತು. ಇಳಿಯುತ್ತಿದ್ದರೆ ಮಾತ್ರ ಕಾಯುವಂತಿಲ್ಲ. ಮುಂದಿನ ಪ್ರವಾಹದವರೆಗೆ ಆ ದಿಣ್ಣೆಯೇ ವಿಳಾಸ.

ಹ್ಯಾನಿಬಲ್ಲಿನ ಹುಡುಗರಲ್ಲಿ ಒಬ್ಬ ಸ್ಯಾಮ್ ಕ್ಲೆಮೆನ್ಸ್, ಮುಂದೆ ಮಾರ್ಕ್ ಟ್ವೇನ್ ಎಂದು ಹೆಸರಾದವನು. ಚಿಕ್ಕವನಿದ್ದಾಗ ಕದ್ದು ಬೋಟು ಹತ್ತಿ, ಮೇಲ್ಡೆಕ್ಕಿನ ಸಣ್ಣ ದೋಣಿಯ ಅಡಿಯಲ್ಲಿ ಅಡಗಿದ್ದನಂತೆ. ಊರು ದಾಟಿತೆಂದು ಹೊರಬಂದು ಹಾಯಾಗಿ ಕುಳಿತ. ಮಳೆ ಸುರಿಯಿತು. ಮತ್ತೆ ನುಸುಳಿದ, ಆದರೆ ಕಾಲುಗಳೆರಡೂ ಹೊರಗೇ ಉಳಿದವು. ಮುಂದಿನ ನಿಲ್ದಾಣ ಲೂಸಿಯಾನಾ ಎಂಬ ಊರಿನಲ್ಲಿ ಇಳಿಸಿದರು; ಅಲ್ಲಿದ್ದ ನೆಂಟರು ಮನೆಗೆ ತಲುಪಿಸಿದರು. ಅಲ್ಲಿ ಅಪ್ಪ ಕಾಯುತ್ತಿದ್ದ.

ಹುಡುಗನ ಹುಚ್ಚು ಮಾತ್ರ ಬಿಡಲಿಲ್ಲ. 1857ರಲ್ಲಿ ಹೊರೇಸ್ ಬಿಕ್ಸ್‌ಬಿ ಎಂಬ ಪೈಲಟ್ ಬಳಿ ಶಿಷ್ಯನಾಗಿ ಸೇರಿದ. ಗುರುದಕ್ಷಿಣೆ ಐನೂರು ಡಾಲರ್: ನೂರು ಕೈಯಲ್ಲಿ, ಮಿಕ್ಕದ್ದು ಮುಂದಿನ ಸಂಬಳದಲ್ಲಿ. ಸೇಂಟ್ ಲೂಯಿಯಿಂದ ನ್ಯೂ ಆರ್ಲಿಯನ್ಸ್‌ವರೆಗೆ ಸುಮಾರು 1,200 ಮೈಲಿಯ ತಿರುವು, ದಿಣ್ಣೆ, ಮುಳುಗಿದ ಮರಗಳೆಲ್ಲ ಬಾಯಿಪಾಠ ಆಗಬೇಕು, ಕತ್ತಲಲ್ಲೂ. ಕೆಳಗೆ ಹೋಗುವಾಗ ಕಲಿತದ್ದು ಮೇಲೆ ಬರುವಾಗ ಕೆಲಸಕ್ಕಿಲ್ಲ: ಇಳಿಯುವ ಬೋಟು ಸೆಳವಿನ ನಡುವೆ ಹೋದರೆ, ಏರುವ ಬೋಟು ಸೆಳವು ತಪ್ಪಿಸಿ ದಂಡೆಯ ಮಗ್ಗುಲಿಗೆ ಸರಿಯಬೇಕು. ಅಷ್ಟೂ ಕಲಿತ ಮೇಲೆ ನದಿ ದಿಣ್ಣೆಯನ್ನು ಬೇರೆಡೆ ಒಯ್ದು ಇಟ್ಟಿರುತ್ತದೆ. 1859ರ ಏಪ್ರಿಲ್ 9ರಂದು ಸ್ಯಾಮ್‌ಗೆ ಲೈಸೆನ್ಸ್ ಸಿಕ್ಕಿತು. ಚುಕ್ಕಾಣಿ ಕೈಗೆ ಒಗ್ಗುವಷ್ಟರಲ್ಲಿ 1861 ಬಂತು, ಅಂತರ್ಯುದ್ಧ ಶುರುವಾಗಿ ನದಿಯ ವ್ಯಾಪಾರವೇ ನಿಂತುಹೋಯಿತು.